ಹಿಮ ಬೀಳುವಾಗ ಹಿತ್ತಲಿಗೆ ಬರುವ ಹಕ್ಕಿಗಳು: ಮೂರು ವಾರ ಕಾಳು ಹಾಕದಿದ್ದರೆ ಅವುಗಳ ಗತಿ ಏನು?

ಕಿಟಕಿಯಂಚು:
ಎಲ್ಲರಿಗೂ ನಮಸ್ಕಾರ. ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದೇ ಸಮನೆ ಹಿಮ ಬಿತ್ತು. ನಾನು ಇದ್ದ ಕೆಲಸ ಎಲ್ಲಾ ಬದಿಗಿಟ್ಟು ಕಿಟಕಿ ಪಕ್ಕ ಕೂತುಬಿಟ್ಟೆ. ಉತ್ತರ ಅಮೆರಿಕದ ಚಳಿ ಜಾಗಕ್ಕೆ ಬಂದ ಮೇಲೆ ಇದು ನನ್ನ ಮೂರನೇ ಚಳಿಗಾಲ. ಮೊದಲ ಎರಡು ವರ್ಷ ಹಿಮ ಅಂದರೆ ದಾರಿ ಗುಡಿಸುವ ಕೆಲಸ ಅಷ್ಟೇ ಆಗಿತ್ತು. ಈ ವರ್ಷ ಹಿತ್ತಲಲ್ಲಿ ಒಂದು ಫೀಡರ್, ಅಂದರೆ ಹಕ್ಕಿಗಳಿಗೆ ಕಾಳು ತುಂಬಿಡುವ ಡಬ್ಬಿ, ತೂಗುಹಾಕಿದೆ, ಅಲ್ಲಿಂದ ಎಲ್ಲಾ ಬದಲಾಯಿತು.

ಮೊನ್ನೆ ಸಂಜೆಯೇ ಏನೋ ಆಗಲಿದೆ ಅಂತ ಗೊತ್ತಾಗಿತ್ತು. ಆಕಾಶ ಇನ್ನೂ ಪೂರ್ತಿ ಮುಚ್ಚಿರಲಿಲ್ಲ, ಆದರೆ ಹಕ್ಕಿಗಳು ಒಂದರ ಹಿಂದೆ ಒಂದು ಬಂದು ಗಡಿಬಿಡಿಯಲ್ಲಿ ತಿನ್ನುತ್ತಿದ್ದವು. ಬೇರೆ ದಿನ ಜಗಳ ಆಡುವವು ಕೂಡ ಅವತ್ತು ಪಕ್ಕಪಕ್ಕದಲ್ಲೇ ಕೂತಿದ್ದವು. ನಿನ್ನೆ ಬೆಳಿಗ್ಗೆ ಮಬ್ಬುಗತ್ತಲಲ್ಲಿ ಮೊದಲು ಬಂದದ್ದು ಕಾರ್ಡಿನಲ್ ಜೋಡಿ. ಬೆಳ್ಳಗಿನ ಹಿಮದ ಮೇಲೆ ಆ ಕೆಂಪು ಗಂಡು ಕೂತಾಗ, ಕತ್ತಲಲ್ಲಿ ದೀಪ ಹಚ್ಚಿಟ್ಟ ಹಾಗೆ ಕಾಣುತ್ತಿತ್ತು. ಆಮೇಲೆ ಚಿಕಡಿಗಳು. ಕಪ್ಪು ಟೋಪಿ, ಬಿಳಿ ಕೆನ್ನೆ, ಹೆಬ್ಬೆರಳಿನಷ್ಟು ಮೈ. ಗಾಳಿಗೆ ಫೀಡರ್ ಹೇಗೆ ತೂಗಾಡುತ್ತಿತ್ತು ಅಂದರೆ ನನಗೇ ತಲೆ ಸುತ್ತುತ್ತಿತ್ತು, ಅವು ಮಾತ್ರ ಬಂದು ಒಂದೇ ಒಂದು ಬೀಜ ಕಚ್ಚಿಕೊಂಡು ಪೈನ್ ಮರಕ್ಕೆ ಹಾರಿ, ಕಾಲಲ್ಲಿ ಒತ್ತಿ ಹಿಡಿದು ಕುಕ್ಕಿ ಒಡೆದು ತಿಂದು, ಮತ್ತೆ ಬರುತ್ತಿದ್ದವು. ಇಡೀ ದಿನ ಹಾಗೇ.

ಅವುಗಳಲ್ಲಿ ಒಂದಕ್ಕೆ ಬಾಲದ ಒಂದು ಗರಿ ವಾರೆಯಾಗಿದೆ. ನವೆಂಬರ್‌ನಿಂದ ಅದನ್ನು ಗುರುತಿಸುತ್ತಿದ್ದೇನೆ. ನಿನ್ನೆ ಅದು ಕಂಡಾಗ ಸಮಾಧಾನ ಆಯಿತು, ಸುಳ್ಳು ಯಾಕೆ ಹೇಳಲಿ.

ಈಗ ನನ್ನ ಚಿಂತೆ. ಮುಂದಿನ ವಾರದಿಂದ ಮೂರು ವಾರ ನಾನು ಮನೆಯಲ್ಲಿ ಇರುವುದಿಲ್ಲ. ಕಾಳು ಹಾಕುವವರು ಯಾರೂ ಇಲ್ಲ. ಇಷ್ಟು ದಿನ ರೂಢಿ ಮಾಡಿಸಿ, ಸರಿಯಾಗಿ ಚಳಿ ಜೋರಾದಾಗ ನಿಲ್ಲಿಸಿದರೆ ಅವು ಸತ್ತುಹೋಗುತ್ತವಾ? ಹೀಗೆ ನಡುವೆ ಕೈಬಿಡುವುದಕ್ಕಿಂತ ಶುರು ಮಾಡದೇ ಇದ್ದಿದ್ದರೆ ಒಳ್ಳೆಯದಿತ್ತಾ? ಇನ್ನೊಂದು ಪ್ರಶ್ನೆ. ಆ ಕಡ್ಡಿಯಂಥ ಬರಿಗಾಲು ಹಿಮದಲ್ಲಿ ಹೆಪ್ಪುಗಟ್ಟುವುದಿಲ್ವಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ನಸುಕು:
ನೆಮ್ಮದಿಯಾಗಿ ಹೋಗಿ ಬನ್ನಿ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಈ ಪ್ರಶ್ನೆಯನ್ನು ಚಿಕಡಿಗಳ ಮೇಲೇ ಪರೀಕ್ಷೆ ಮಾಡಿ ನೋಡಿದ್ದಾರೆ. 1980ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹಕ್ಕಿಗಳ ಕಾಲಿಗೆ ಬಳೆ ಹಾಕಿ ವರ್ಷಗಟ್ಟಲೆ ಗಮನಿಸಿದರು. ಫೀಡರ್ ತುಂಬಾ ಕಾಳು ಇದ್ದರೂ ಆ ಹಕ್ಕಿಗಳು ದಿನದ ಊಟದಲ್ಲಿ ಹೆಚ್ಚೆಂದರೆ ಕಾಲು ಭಾಗ ಮಾತ್ರ ಅಲ್ಲಿಂದ ತೆಗೆದುಕೊಳ್ಳುತ್ತಿದ್ದವು. ಉಳಿದದ್ದೆಲ್ಲಾ ಮರದ ತೊಗಟೆ ಸಂದಿಯ ಹುಳ, ಮೊಟ್ಟೆ, ಜೇಡ, ಕಾಡಿನ ಬೀಜ. ಬಹಳ ವರ್ಷ ಕಾಳು ಹಾಕಿದ ಜಾಗದಲ್ಲಿ ಫೀಡರ್ ತೆಗೆದುಬಿಟ್ಟರು. ಅಲ್ಲಿನ ಚಿಕಡಿಗಳು, ಯಾವತ್ತೂ ಫೀಡರ್ ಕಾಣದ ಚಿಕಡಿಗಳ ಹಾಗೆಯೇ ಚಳಿಗಾಲ ದಾಟಿದವು. ಹುಡುಕಿ ತಿನ್ನುವುದನ್ನು ಮರೆತಿರಲಿಲ್ಲ.

ಹಾಗಂತ ಕಾಳು ಹಾಕಿ ಪ್ರಯೋಜನ ಇಲ್ಲ ಅಂತ ಅಲ್ಲ. ಅದೇ ಜಾಗದ ಕೆಲಸದಲ್ಲಿ, ಕೊರೆಯುವ ಚಳಿ ದಿನಗಟ್ಟಲೆ ಹಿಡಿದಾಗ ಕಾಳು ಸಿಕ್ಕ ಹಕ್ಕಿಗಳು ಜಾಸ್ತಿ ಬದುಕಿದ್ದೂ ಕಂಡಿತು. ನೀವು ಕೊಡುತ್ತಿರುವುದು ಕಷ್ಟದ ದಿನಕ್ಕೆ ಒಂದು ಆಸರೆ. ಅವುಗಳ ಸಂಸಾರ ಪೂರ್ತಿ ನಿಮ್ಮ ತಲೆಯ ಮೇಲಿಲ್ಲ.

ನೀವು ನೋಡಿದ ಗಡಿಬಿಡಿ ನಿಮ್ಮ ಭ್ರಮೆ ಅಲ್ಲ. ಬಿರುಗಾಳಿಗೆ ಮುಂಚೆ ಗಾಳಿಯ ಒತ್ತಡ ಇಳಿಯುತ್ತದೆ. ಕೆಲವು ಹಕ್ಕಿಗಳಿಗೆ ಅದು ತಿಳಿಯುತ್ತದೆ, ತಿಳಿದ ಕೂಡಲೇ ತಿನ್ನುವುದನ್ನು ಹೆಚ್ಚಿಸುತ್ತವೆ ಅಂತ ಪ್ರಯೋಗದಲ್ಲೇ ತೋರಿಸಿದ್ದಾರೆ. ನಾನು ಈಗ ಹವಾಮಾನ ವರದಿ ನೋಡುವ ಮುಂಚೆ ಹಿತ್ತಲು ನೋಡುತ್ತೇನೆ.

ಹೊಸಕಣ್ಣು:
ಬರೀ 11 ಗ್ರಾಂ ಇರುವ ಹಕ್ಕಿ ರಾತ್ರಿ ಮೈನಸ್ 20ರಲ್ಲಿ ಏನು ಮಾಡುತ್ತದೆ? ಹಗಲಲ್ಲಾದರೆ ತಿನ್ನುತ್ತಾ ಇರುತ್ತದೆ. ರಾತ್ರಿ ಹದಿನಾಲ್ಕು ಗಂಟೆ ಊಟ ಇಲ್ಲ, ಬೆಂಕಿ ಇಲ್ಲ. ನನಗೆ ಯೋಚಿಸಿದರೇ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನಸುಕು:
ಚಿಕಡಿಯ ಬಗ್ಗೆ ನನಗೆ ಅತಿ ಇಷ್ಟದ ವಿಷಯ ಇದೇ. ಹಗಲಲ್ಲಿ ಅದರ ಮೈ ಬಿಸಿ ಸುಮಾರು 42 ಡಿಗ್ರಿ. ತುಂಬಾ ಚಳಿ ಇರುವ ರಾತ್ರಿ ಅದು ತನ್ನ ಮೈ ಬಿಸಿಯನ್ನು ತಾನೇ ಹತ್ತು ಹನ್ನೆರಡು ಡಿಗ್ರಿ ಇಳಿಸಿಕೊಳ್ಳುತ್ತದೆ. ಒಲೆಯ ಉರಿ ಸಣ್ಣ ಮಾಡಿದ ಹಾಗೆ. ಸೌದೆ ಕಡಿಮೆ ಸುಡುತ್ತದೆ, ಬೆಳಗಿನವರೆಗೆ ಬರುತ್ತದೆ. ಒಣಮರದ ಸಣ್ಣ ಪೊಟರೆಯೊಳಗೆ ಒಂದೊಂದೇ ಮಲಗುತ್ತವೆ. ಗರಿ ಉಬ್ಬಿಸಿಕೊಂಡು ಗಾಳಿಯನ್ನು ಒಳಗೆ ಹಿಡಿದಿಡುತ್ತವೆ, ಎದೆಯ ಮಾಂಸಖಂಡ ನಡುಗಿಸಿ ಬಿಸಿ ಹುಟ್ಟಿಸುತ್ತವೆ. ಹಗಲಿಡೀ ಕೂಡಿಸಿದ ಕೊಬ್ಬು ಒಂದು ರಾತ್ರಿಗೆ ಬಹುಪಾಲು ಕರಗಿಹೋಗುತ್ತದೆ. ಅದಕ್ಕೇ ಬೆಳಿಗ್ಗೆ ಆ ಪಾಟಿ ಅವಸರ.

ಇನ್ನೂ ಒಂದು ಇದೆ. ಅವು ಒಯ್ಯುವ ಬೀಜ ಎಲ್ಲವನ್ನೂ ತಿನ್ನುವುದಿಲ್ಲ. ತೊಗಟೆಯ ಸೀಳು, ಎಲೆ ಮಡಿಕೆ, ಪಾಚಿ ಹೀಗೆ ಒಂದೊಂದನ್ನು ಒಂದೊಂದು ಕಡೆ ಬಚ್ಚಿಡುತ್ತವೆ. ಒಂದು ಹಂಗಾಮಿನಲ್ಲಿ ಸಾವಿರಗಟ್ಟಲೆ. ವಾರಗಳು ಕಳೆದ ಮೇಲೂ ಜಾಗ ನೆನಪಿರುತ್ತದೆ. ಹಾಗಾಗಿ ಕಿಟಕಿಯಂಚು ಅವರೇ, ನೀವು ನವೆಂಬರ್‌ನಲ್ಲಿ ಹಾಕಿದ ಎಷ್ಟೋ ಸೂರ್ಯಕಾಂತಿ ಬೀಜ ಈಗಾಗಲೇ ನಿಮ್ಮ ಸುತ್ತಲ ಮರಗಳಲ್ಲಿ ಇರಬಹುದು.

ಕಿಟಕಿಯಂಚು:
ಈ ಕೊನೆಯ ಮಾತು ಓದಿ ಎದ್ದು ಹೋಗಿ ಪೈನ್ ಮರ ನೋಡಿ ಬಂದೆ. ಏನೂ ಕಾಣಲಿಲ್ಲ. ಆದರೆ ಮನಸ್ಸು ಹಗುರಾಯಿತು. ತುಂಬಾ ಥ್ಯಾಂಕ್ಸ್.

ಪೈನ್‌ನೆರಳು:
ಕಾಲಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳುತ್ತೇನೆ.

ಹಕ್ಕಿಯ ಕಾಲಿನ ಕೆಳಭಾಗದಲ್ಲಿ ಮಾಂಸ ಇಲ್ಲವೇ ಇಲ್ಲ ಅನ್ನಬೇಕು. ಬರೀ ಮೂಳೆ, ಸ್ನಾಯುರಜ್ಜು, ಮೇಲೆ ಹುರುಪೆಯಂಥ ಚರ್ಮ. ಬೆರಳು ಮಡಿಸುವ ಮಾಂಸಖಂಡ ಮೇಲೆ ಗರಿಯೊಳಗೆ ಬೆಚ್ಚಗಿರುತ್ತದೆ. ಇನ್ನು ರಕ್ತ. ಮೈಯಿಂದ ಕೆಳಗೆ ಹೋಗುವ ಬಿಸಿ ರಕ್ತದ ನಾಳವೂ ಪಾದದಿಂದ ಮೇಲೆ ಬರುವ ತಣ್ಣನೆಯ ರಕ್ತದ ನಾಳವೂ ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತವೆ. ಕೆಳಗೆ ಇಳಿಯುವ ಬಿಸಿ ದಾರಿಯಲ್ಲೇ ಮೇಲೆ ಬರುವ ರಕ್ತಕ್ಕೆ ದಾಟಿಬಿಡುತ್ತದೆ. ಹಾಗಾಗಿ ಪಾದ ತಣ್ಣಗೇ ಇರುತ್ತದೆ, ಹೆಪ್ಪುಗಟ್ಟದಿರುವಷ್ಟು ಮಾತ್ರ ಬೆಚ್ಚಗೆ, ಮೈಯ ಬಿಸಿ ಹಿಮಕ್ಕೆ ಸೋರಿಹೋಗುವುದಿಲ್ಲ. ಒಂದು ಕಾಲು ಎತ್ತಿ ಹೊಟ್ಟೆಯ ಗರಿಯೊಳಗೆ ಇಟ್ಟುಕೊಳ್ಳುವುದನ್ನು ನೋಡಿರುತ್ತೀರಿ. ಜಂಕೊ ಅನ್ನುವ ಸಣ್ಣ ಹಕ್ಕಿಗಳು ಹಿಮದ ಮೇಲೆ ಕುಪ್ಪಳಿಸಿ ಸುಸ್ತಾದಾಗ ಎರಡೂ ಕಾಲು ಮುಚ್ಚಿ ಉಂಡೆಯಾಗಿ ಕೂರುತ್ತವೆ.

ಎಲ್ಲಾ ಹಕ್ಕಿಗೂ ಇದು ಅಷ್ಟು ಚೆನ್ನಾಗಿ ಒದಗುವುದಿಲ್ಲ. ಮೌರ್ನಿಂಗ್ ಡವ್ ಅನ್ನುವ ಪಾರಿವಾಳದ ಜಾತಿಗೆ ಕಡು ಚಳಿಯಲ್ಲಿ ಬೆರಳ ತುದಿ ಸತ್ತು ಉದುರುವುದುಂಟು. ನಮ್ಮಲ್ಲಿಗೆ ಬರುವ ಒಂದಕ್ಕೆ ಎರಡು ಬೆರಳಿಲ್ಲ. ಆದರೂ ನಾಲ್ಕು ವರ್ಷದಿಂದ ಬರುತ್ತಿದೆ.

ಹೊಸಕಣ್ಣು:
ನಾನೂ ಶುರು ಮಾಡಬೇಕು ಅಂತಿದ್ದೇನೆ. ಯಾವ ಕಾಳು ತರಲಿ? ಮನೆಯಲ್ಲಿ ಉಳಿದ ಬ್ರೆಡ್ ಹಾಕಬಹುದಾ? ನಾಲ್ಕೈದು ತರದ ಕಾಳು ಬೆರೆಸಿದ ಚೀಲ ಸಿಗುತ್ತದಲ್ವಾ, ಅದು ಸುಲಭ ಅನ್ನಿಸಿತು.

ಕಾಳುಕಡ್ಡಿ:
ಬ್ರೆಡ್ ಬೇಡ. ಹೊಟ್ಟೆ ತುಂಬುತ್ತದೆ, ಸತ್ವ ಇಲ್ಲ. ಚಳಿಯಲ್ಲಿ ಹಕ್ಕಿಗೆ ಬೇಕಿರುವುದು ಕೊಬ್ಬು. ಉಪ್ಪು ಹಾಕಿದ್ದಂತೂ ಬೇಡವೇ ಬೇಡ.

ಬೆರಕೆ ಚೀಲದ ಮೇಲೆ ನನಗೆ ನಂಬಿಕೆ ಇಲ್ಲ. ತೂಕಕ್ಕೆ ಅಂತ ಹಾಕಿದ ಕೆಂಪು ಜೋಳದಂಥ ಕಾಳನ್ನು ಹೆಚ್ಚಿನ ಹಕ್ಕಿಗಳು ಕೊಕ್ಕಿನಿಂದ ಬದಿಗೆ ತಳ್ಳಿ ಕೆಳಗೆ ಬೀಳಿಸುತ್ತವೆ. ಅದು ಅಲ್ಲೇ ಕೊಳೆಯುತ್ತದೆ. ಒಂದೇ ಒಂದು ತರುವುದಾದರೆ ಕಪ್ಪು ಸೂರ್ಯಕಾಂತಿ ಬೀಜ ತನ್ನಿ. ಪಟ್ಟೆ ಇರುವುದಲ್ಲ, ಪೂರ್ತಿ ಕಪ್ಪಗಿರುವ ಸಣ್ಣದು. ಸಿಪ್ಪೆ ತೆಳು, ಎಣ್ಣೆ ಜಾಸ್ತಿ. ಚಿಕಡಿ, ಕಾರ್ಡಿನಲ್, ನಟ್‌ಹ್ಯಾಚ್, ಫಿಂಚ್ ಎಲ್ಲವೂ ತಿನ್ನುತ್ತವೆ.

ನನಗೆ ಈ ಹವ್ಯಾಸ ಹಿಡಿಸಲು ಒಂದು ಕಾರಣ ಇದೆ. ಮೊದಲ ಸಲ 'ನೈಜರ್' ಅಂತ ಬರೆದ ಚೀಲ ತಂದು ಬಿಚ್ಚಿ ನೋಡಿದರೆ, ನಮ್ಮ ಹುಚ್ಚೆಳ್ಳು! ಇಲ್ಲಿನ ಗೋಲ್ಡ್‌ಫಿಂಚ್‌ಗಳಿಗೆ ಅದು ಪ್ರಾಣ. ಮೊಳೆಯದ ಹಾಗೆ ಬಿಸಿ ಮಾಡಿ ಮಾರುತ್ತಾರೆ. ಆಮೇಲೆ ಒಂದೊಂದೇ ಗೊತ್ತಾಯಿತು. ನೆಲದಲ್ಲಿ ತಿನ್ನುವ ಜಂಕೊ, ಗುಬ್ಬಿ ಜಾತಿಗೆ ಹಾಕುವ ಬಿಳಿ ಕಾಳು ಬರಗು. ಕಾರ್ಡಿನಲ್ ಇಷ್ಟಪಡುವ ಆದರೆ ಅಳಿಲು ಅಷ್ಟಾಗಿ ಮುಟ್ಟದ ಬಿಳಿ ಬೀಜ ಕುಸುಬೆ. ಕನ್ನಡದಲ್ಲಿ ಹೆಸರು ಗೊತ್ತಾದ ದಿನ ಆ ಹಕ್ಕಿಗಳೂ ನಂಟರ ಹಾಗೆ ಅನ್ನಿಸಿದವು.

ಮರಕುಟಿಗ ಬರಬೇಕು ಅಂದರೆ ಸುಯೆಟ್ ತೂಗುಹಾಕಿ. ದನದ ಮೂತ್ರಪಿಂಡದ ಸುತ್ತಲಿನ ಗಟ್ಟಿ ಕೊಬ್ಬು ಅದು. ಬೇಡ ಅನ್ನುವವರು ಉಪ್ಪಿಲ್ಲದ ಕಡಲೆಕಾಯಿ ಬೀಜ ಜಾಲರಿಯಲ್ಲಿ ಇಡಬಹುದು, ಡೌನಿ ಮರಕುಟಿಗ ಅದಕ್ಕೂ ಬರುತ್ತದೆ. ಗಂಡಿಗೆ ತಲೆಯ ಹಿಂದೆ ಕೆಂಪು ಬೊಟ್ಟು ಇರುತ್ತದೆ, ಹೆಣ್ಣಿಗಿಲ್ಲ.

ನೀರು ಮರೆಯಬೇಡಿ. ಎಲ್ಲರೂ ಕಾಳಿನ ಬಗ್ಗೆಯೇ ಕೇಳುತ್ತಾರೆ. ಸುತ್ತಲೂ ಹಿಮ ಇದ್ದರೂ ಅದನ್ನು ತಿಂದು ಕರಗಿಸಲು ಮೈಯ ಬಿಸಿ ಖರ್ಚಾಗುತ್ತದೆ. ಬೆಚ್ಚಗಿಡುವ ತಟ್ಟೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ದಿನಕ್ಕೆ ಎರಡು ಸಲ ನೀರು ಬದಲಿಸಿ. ಹೆಪ್ಪುಗಟ್ಟದಿರಲಿ ಅಂತ ಉಪ್ಪನ್ನಾಗಲಿ ಬೇರೆ ರಾಸಾಯನಿಕವನ್ನಾಗಲಿ ಬೆರೆಸಲೇಬೇಡಿ.

ಎರಡುಮಾತು:
ಎಲ್ಲರೂ ಖುಷಿಯಲ್ಲಿರುವಾಗ ಅಡ್ಡ ಮಾತು ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಮೂರು ಚಳಿಗಾಲದ ಹಿಂದೆ ನಾನೂ ಹೀಗೇ ಸಂಭ್ರಮದಿಂದ ಕಾಳು ಹಾಕುತ್ತಿದ್ದೆ. ಒಂದು ದಿನ ಹಿಮದ ಮೇಲೆ ಹೌಸ್ ಫಿಂಚ್ ಒಂದು ಕೂತಿತ್ತು. ಹತ್ತಿರ ಹೋದರೂ ಹಾರಲಿಲ್ಲ. ಕಣ್ಣು ಎರಡೂ ಊದಿ ಮುಚ್ಚಿಕೊಂಡಿದ್ದವು. ಕಣ್ಣು ಕಾಣದೆ ಫೀಡರ್ ಕೆಳಗೆ ತಡಕಾಡುತ್ತಿತ್ತು. ಎರಡು ದಿನದಲ್ಲಿ ಇನ್ನೊಂದು. ಆ ಕಣ್ಣಿನ ರೋಗ ಈ ಹಕ್ಕಿಗಳಲ್ಲಿ ಮೊದಲು ಕಂಡದ್ದು 1994ರಲ್ಲಂತೆ, ಆಮೇಲೆ ದೇಶದ ತುಂಬಾ ಹರಡಿತು. ಬೇರೆ ಬೇರೆ ಹಕ್ಕಿಗಳು ಒಂದೇ ತೂತಿಗೆ ತಲೆ ಹಾಕುವ ಜಾಗ ಕಾಡಿನಲ್ಲಿ ಎಲ್ಲೂ ಇಲ್ಲ. ಅದನ್ನು ಕಟ್ಟಿದವನು ನಾನು. ಆರು ತಿಂಗಳಿಂದ ಫೀಡರ್ ತೊಳೆದಿರಲಿಲ್ಲ. ಆ ತಪ್ಪು ನನ್ನದೇ.

ಅವತ್ತು ಫೀಡರ್ ಇಳಿಸಿದವನು ಮತ್ತೆ ಕಟ್ಟಿಲ್ಲ. ಈಗ ಹಣ್ಣು ಬಿಡುವ ಪೊದೆ ನೆಟ್ಟಿದ್ದೇನೆ. ಒಣಗಿದ ಹೂವಿನ ಗಿಡಗಳನ್ನು ಶರತ್ಕಾಲದಲ್ಲಿ ಕತ್ತರಿಸದೆ ಹಾಗೇ ಬಿಡುತ್ತೇನೆ. ಗೋಲ್ಡ್‌ಫಿಂಚ್‌ಗಳು ಹಿಮದಿಂದ ತಲೆ ಎತ್ತಿದ ಕೋನ್‌ಫ್ಲವರ್ ಹೂದಲೆಯ ಮೇಲೆ ಕೂತು ಬೀಜ ಬಿಡಿಸುವುದನ್ನು ನೋಡುವುದು ಫೀಡರ್‌ಗಿಂತ ಚೆಂದ ಅಂತ ನನ್ನ ಅಭಿಪ್ರಾಯ.

ಕಾಳುಕಡ್ಡಿ:
ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ ಅದರಿಂದ ಫೀಡರ್ ಇಡುವುದೇ ತಪ್ಪು ಅನ್ನುವುದನ್ನು ಒಪ್ಪಲಾರೆ. ತೊಳೆಯದಿರುವುದು ತಪ್ಪು. ಎರಡು ವಾರಕ್ಕೊಮ್ಮೆ ಬಿಚ್ಚಿ, ಬಿಸಿನೀರು ಸೋಪಿನಲ್ಲಿ ಉಜ್ಜಿ, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ಜಾಲಾಡಿ ಪೂರ್ತಿ ಒಣಗಿಸಿ ಮತ್ತೆ ತುಂಬಬೇಕು. ಕೆಳಗೆ ಬಿದ್ದ ಸಿಪ್ಪೆ ಹಿಕ್ಕೆ ಗುಡಿಸಬೇಕು. ಕಾಯಿಲೆ ಹಕ್ಕಿ ಒಂದು ಕಂಡರೂ ಕೆಲವು ವಾರ ಎಲ್ಲಾ ಇಳಿಸಬೇಕು. 2021ರ ಚಳಿಗಾಲದಲ್ಲಿ ಪೈನ್ ಸಿಸ್ಕಿನ್ ಹಕ್ಕಿಗಳಿಗೆ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾದ ರೋಗ ಹರಡಿದಾಗ ನಾವೆಲ್ಲಾ ಹಾಗೇ ಮಾಡಿದೆವು.

ಎರಡುಮಾತು:
ತೊಳೆಯುವವರು ಹಾಕಲಿ, ಬೇಡ ಅನ್ನುವುದಿಲ್ಲ. ಹೊಸದಾಗಿ ಶುರು ಮಾಡುವವರಿಗೆ ಕಾಳಿನ ಹೆಸರಿಗೆ ಮುಂಚೆ ಇದನ್ನು ಹೇಳಿ ಅಷ್ಟೇ.

ಹೊಸಕಣ್ಣು:
ಬರೆದಿಟ್ಟುಕೊಂಡೆ. ಇಬ್ಬರಿಗೂ ಧನ್ಯವಾದ. ಒಣಗಿದ ಗಿಡಗಳನ್ನೂ ಈ ಸಲ ಹಾಗೇ ಬಿಡುತ್ತೇನೆ.

ಪೈನ್‌ನೆರಳು:
ಕಿಟಕಿಯ ಬಗ್ಗೆಯೂ ಹೇಳಲೇಬೇಕು. ಹೋದ ವರ್ಷ ನಾನು ಹಿಮ ನೋಡುತ್ತಾ ಕೂತಿದ್ದಾಗ 'ಟಪ್' ಅಂತ ಸದ್ದಾಯಿತು. ಜಂಕೊ ಗಾಜಿಗೆ ಬಡಿದು ಕೆಳಗೆ ಬಿದ್ದಿತ್ತು. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಕತ್ತಲಲ್ಲಿ ಇಟ್ಟೆ. ನೀರು ಕಾಳು ಏನೂ ಕೊಡಬಾರದು, ಪದೇಪದೇ ತೆರೆದು ನೋಡಬಾರದು. ಮುಕ್ಕಾಲು ಗಂಟೆ ಆದ ಮೇಲೆ ಒಳಗೆ ಪರಪರ ಸದ್ದು. ಹೊರಗೆ ತಂದು ಮುಚ್ಚಳ ತೆಗೆದೆ, ಬಾಲದ ಎರಡು ಬದಿಯ ಬಿಳಿ ಗರಿ ಬಿಚ್ಚಿಕೊಂಡು ಹಾರಿಹೋಯಿತು. ಎಲ್ಲವೂ ಅಷ್ಟು ಅದೃಷ್ಟ ಮಾಡಿರುವುದಿಲ್ಲ.

ಗಾಜಿನಲ್ಲಿ ಅವುಗಳಿಗೆ ಕಾಣುವುದು ಆಕಾಶ ಮತ್ತು ಮರ. ಒಂದೇ ಒಂದು ಗಿಡುಗದ ಚಿತ್ರ ಅಂಟಿಸಿದರೆ ಸಾಲದು. ಗಾಜಿನ ಹೊರಮೈಯಲ್ಲಿ ಐದೈದು ಸೆಂಟಿಮೀಟರ್ ಅಂತರಕ್ಕೆ ಚುಕ್ಕಿ ಅಥವಾ ಗೆರೆ ಇರಬೇಕು. ಒಳಗಡೆ ಹಾಕಿದರೆ ಹೊರಗಿನ ಪ್ರತಿಬಿಂಬ ಹಾಗೇ ಉಳಿಯುತ್ತದೆ. ಫೀಡರ್ ಗಾಜಿನಿಂದ ಒಂದು ಮೀಟರ್ ಒಳಗೇ ಇರಲಿ, ಆಗ ಹಾರಿದರೂ ಜೋರು ಇರುವುದಿಲ್ಲ. ಇಲ್ಲವಾದರೆ ಹತ್ತು ಮೀಟರ್ ಆಚೆ ಇರಲಿ. ನಡುವಿನ ದೂರವೇ ಅಪಾಯ. ನಾನು ಹಾಲ್‌ನ ಗಾಜಿಗೆ ಚುಕ್ಕಿ ಹಾಕಿದ್ದೇನೆ. ಎರಡು ದಿನ ಕಣ್ಣಿಗೆ ಅಡ್ಡ ಅನ್ನಿಸಿತು, ಮೂರನೇ ದಿನದಿಂದ ನೆನಪೇ ಇಲ್ಲ.

ಬಿಳಿಮೌನ:
ನೀವೆಲ್ಲಾ ಹಕ್ಕಿಯವರು. ನಾನು ಹಿಮದವನು, ಹಕ್ಕಿ ಬಂದರೆ ಅದು ಹೆಚ್ಚಿನ ಲಾಭ!

ನಿನ್ನೆ ಬಿದ್ದದ್ದು ಯಾವ ತರದ್ದು ಅಂತ ಯಾರಾದರೂ ನೋಡಿದಿರಾ? ಕಪ್ಪು ಉಣ್ಣೆಯ ಕೈಗವಸನ್ನು ಹೊರಗೆ ಇಟ್ಟು ತಣ್ಣಗಾಗಲು ಬಿಡಿ, ಆಮೇಲೆ ಅದರ ಮೇಲೆ ಬೀಳುವುದನ್ನು ಭೂತಗನ್ನಡಿಯಲ್ಲಿ ನೋಡಿ. ಉಸಿರು ತಾಗಬಾರದು. ಮೋಡದ ಒಳಗೆ ಮೈನಸ್ 15ರ ಹತ್ತಿರ ಇದ್ದರೆ ಆರು ಕವಲಿನ ನಕ್ಷತ್ರ. ಮೈನಸ್ 5ರ ಹತ್ತಿರ ಸಣ್ಣ ಸೂಜಿ, ಕಂಬ. ಸೊನ್ನೆಯ ಹತ್ತಿರ ಇದ್ದರೆ ಹರಳುಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿ ಹತ್ತಿಯ ಉಂಡೆಯ ಹಾಗೆ ದೊಡ್ಡದಾಗಿ ಬೀಳುತ್ತವೆ. ನೀರಿನ ಅಣುಗಳು ಮಂಜುಗಡ್ಡೆಯಾಗುವಾಗ ಆರು ಮೂಲೆಯ ಬಲೆಯಂತೆ ಹೆಣೆದುಕೊಳ್ಳುತ್ತವೆ, ಅದಕ್ಕೇ ಎಲ್ಲದಕ್ಕೂ ಆರರ ಲೆಕ್ಕ.

ಅಮೆರಿಕದ ವರ್ಮಾಂಟ್‌ನ ಜೆರಿಕೊ ಅನ್ನುವ ಊರಿನಲ್ಲಿ ವಿಲ್ಸನ್ ಬೆಂಟ್ಲಿ ಅಂತ ಒಬ್ಬ ರೈತ ಇದ್ದ. ಸೂಕ್ಷ್ಮದರ್ಶಕಕ್ಕೆ ಕ್ಯಾಮರಾ ಜೋಡಿಸಿ 1885ರಲ್ಲಿ ಒಂದೇ ಹಿಮದ ಹರಳಿನ ತನ್ನ ಮೊದಲ ಫೋಟೊ ತೆಗೆದ. ಆಮೇಲೆ ಬದುಕಿರುವವರೆಗೆ ಐದು ಸಾವಿರಕ್ಕೂ ಹೆಚ್ಚು ತೆಗೆದ. ಹೊಲದ ಕೆಲಸ ಮಾಡುತ್ತಾ, ಬಿಸಿ ಇಲ್ಲದ ಶೆಡ್‌ನಲ್ಲಿ, ಕರಗುವ ಮುಂಚೆ ಬೇಗ ಬೇಗ. 1931ರಲ್ಲಿ ತೀರಿಕೊಂಡ. 1936ರಲ್ಲಿ ಜಪಾನಿನ ಹೊಕ್ಕೈಡೊದಲ್ಲಿ ಉಕಿಚಿರೊ ನಕಾಯ ಅನ್ನುವವರು ಪ್ರಯೋಗಾಲಯದಲ್ಲೇ ಹಿಮದ ಹರಳು ಬೆಳೆಸಿದರು, ಮೊಲದ ಕೂದಲಿನ ತುದಿಯಲ್ಲಿ. ಯಾವ ಚಳಿಗೆ ಯಾವ ಆಕಾರ ಅಂತ ನಮಗೆ ಗೊತ್ತಾದದ್ದು ಅವರಿಂದ.

ಇನ್ನು ಆ ಮೌನ. ಹೊಸದಾಗಿ ಬಿದ್ದ ಹಿಮದಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿಯೇ ಇರುತ್ತದೆ. ಆ ಸಂದುಗಳು ಸದ್ದನ್ನು ನುಂಗಿಬಿಡುತ್ತವೆ. ಹಾಗಾಗಿ ರಸ್ತೆಯ ಸದ್ದು ಸತ್ತು, ಹತ್ತಿರದ ಹಕ್ಕಿಯ ಪಿಸುಗುಟ್ಟುವಿಕೆ ಮಾತ್ರ ಕೇಳುತ್ತದೆ. ಒಂದು ಸಲ ನಟ್‌ಹ್ಯಾಚ್ ತಲೆಕೆಳಗಾಗಿ ಮರ ಇಳಿಯುವಾಗ ಅದರ ಉಗುರು ತೊಗಟೆಗೆ ತಾಗುವ ಸದ್ದೂ ನನಗೆ ಕೇಳಿದೆ.

ಸಾಗರದಾಚೆ:
ನಾನಿರುವುದು ಯೂರೋಪಿನಲ್ಲಿ. ಇಲ್ಲಿ ಚಿಕಡಿ ಇಲ್ಲ, ಅದರ ದಾಯಾದಿಗಳಾದ ಬ್ಲೂ ಟಿಟ್, ಗ್ರೇಟ್ ಟಿಟ್ ಇವೆ. ಉದ್ದ ಬಾಲದ ಟಿಟ್‌ಗಳು ರಾತ್ರಿ ಒಂದೇ ಕೊಂಬೆಯಲ್ಲಿ ಸಾಲಾಗಿ ಒತ್ತಿಕೊಂಡು ಮಲಗುತ್ತವೆ, ಬಾಲಗಳು ಮಾತ್ರ ಹೊರಗೆ ಚಾಚಿರುತ್ತವೆ.

ಇಲ್ಲಿನ ರಾಬಿನ್ ಸ್ವಭಾವ ಬೇರೆ. ಚಳಿಗಾಲದಲ್ಲಿ ಗಂಡು ಹೆಣ್ಣು ಎರಡೂ ಬೇರೆ ಬೇರೆ ಜಾಗ ಹಿಡಿದು ಕಾಯುತ್ತವೆ. ಎರಡೂ ಹಾಡುತ್ತವೆ. ಬೇರೆ ಹಕ್ಕಿಗಳೆಲ್ಲಾ ಸುಮ್ಮನಿರುವ ಡಿಸೆಂಬರ್‌ನಲ್ಲಿ, ಹಿಮ ಬೀಳುತ್ತಿರುವಾಗ, ಒಂದೇ ಒಂದು ಹಕ್ಕಿ ಹಾಡುವುದನ್ನು ಕೇಳಿದರೆ ಗಂಟಲು ಕಟ್ಟುತ್ತದೆ. ಹಿಮ ಜೋರಾದಾಗ ನಾನು ಸೇಬನ್ನು ಅರ್ಧ ಮಾಡಿ ನೆಲದಲ್ಲಿ ಇಡುತ್ತೇನೆ. ಉತ್ತರದಿಂದ ಬರುವ ಫೀಲ್ಡ್‌ಫೇರ್, ರೆಡ್‌ವಿಂಗ್ ಹಕ್ಕಿಗಳು ಅದಕ್ಕೆ ಇಳಿಯುತ್ತವೆ.

ಹೊಸಕಣ್ಣು:
ಇವತ್ತು ನಮ್ಮಲ್ಲಿ ಒಂದು ಘಟನೆ ಆಯಿತು, ಇನ್ನೂ ಕೈ ನಡುಗುತ್ತಿದೆ. ಫೀಡರ್ ಕಟ್ಟಿ ಐದು ದಿನ. ಹತ್ತಾರು ಹಕ್ಕಿಗಳು ಇದ್ದವು, ಇದ್ದಕ್ಕಿದ್ದಂತೆ ಎಲ್ಲಾ ಸ್ತಬ್ಧ. ಒಂದು ಮರಕುಟಿಗ ಕೊಂಬೆಗೆ ಅಂಟಿ ಕಲ್ಲಿನಂತೆ ನಿಂತುಬಿಟ್ಟಿತು, ಐದು ನಿಮಿಷ ಅಲುಗಲಿಲ್ಲ. ಆಮೇಲೆ ಬೇಲಿಯ ಹಿಂದಿನಿಂದ ಗಿಡುಗ ಒಂದು ತಗ್ಗಿನಲ್ಲಿ ಹಾರಿಬಂದು ಪಾರಿವಾಳ ಒಂದನ್ನು ಹಿಡಿದೇಬಿಟ್ಟಿತು. ಹಿಮದ ಮೇಲೆ ರೆಕ್ಕೆಯ ಅಚ್ಚು, ನಾಲ್ಕು ಗರಿ ಅಷ್ಟೇ ಉಳಿದದ್ದು. ನಾನು ಕಾಳು ಹಾಕಿ ಅದನ್ನು ಸಾವಿಗೆ ಕರೆದಂತೆ ಆಯಿತಲ್ವಾ?

ನಸುಕು:
ಕೂಪರ್ಸ್ ಹಾಕ್ ಅನ್ನುವ ಗಿಡುಗ ಇರಬೇಕು. ನಿಮ್ಮ ಸಂಕಟ ನನಗೆ ಗೊತ್ತು. ಆದರೆ ಆ ಗಿಡುಗಕ್ಕೂ ಅದೇ ಚಳಿ, ಅದೇ ಉದ್ದದ ರಾತ್ರಿ. ಅದರ ಎಷ್ಟೋ ದಾಳಿಗಳು ತಪ್ಪಿಹೋಗುತ್ತವೆ. ಅದೂ ಹಿತ್ತಲ ಹಕ್ಕಿಯೇ.

ಮಾಡಬಹುದಾದದ್ದು ಇದೆ. ಫೀಡರ್‌ನಿಂದ ಮೂರು ನಾಲ್ಕು ಮೀಟರ್ ದೂರದಲ್ಲಿ ಅಡಗಲು ಜಾಗ ಬೇಕು. ಕಡಿದ ಕೊಂಬೆಗಳನ್ನು ರಾಶಿ ಹಾಕಿ, ದೊಡ್ಡವು ಕೆಳಗೆ, ಸಣ್ಣವು ಮೇಲೆ. ತೀರಾ ಪಕ್ಕದಲ್ಲೇ ಬೇಡ, ಅಲ್ಲಿ ಬೆಕ್ಕು ಅಡಗಿ ಕೂರುತ್ತದೆ. ಗಿಡುಗ ದಿನಾ ಬರತೊಡಗಿದರೆ ಒಂದೆರಡು ವಾರ ಕಾಳು ನಿಲ್ಲಿಸಿ, ಅದು ಬೇರೆ ಕಡೆ ಹೋಗುತ್ತದೆ.

ಇನ್ನು ಕಿವಿ ಕೊಟ್ಟು ಕೇಳಿ. ಚಿಕಡಿ ಅಪಾಯ ಕಂಡಾಗ 'ಚಿಕ-ಡಿ-ಡಿ-ಡಿ' ಅನ್ನುತ್ತದೆ. ಕೊಂಬೆಯ ಮೇಲೆ ಕೂತ ಬೇಟೆಹಕ್ಕಿ ಎಷ್ಟು ಅಪಾಯದ್ದೋ ಅಷ್ಟು 'ಡಿ' ಸೇರಿಸುತ್ತದೆ ಅಂತ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೋರಿಸಿದ್ದಾರೆ. ಸಣ್ಣ, ಚುರುಕಾದ ಗೂಬೆಗೆ ಜಾಸ್ತಿ 'ಡಿ', ದೊಡ್ಡ ನಿಧಾನದ ಗೂಬೆಗೆ ಕಡಿಮೆ. ಯಾಕೆಂದರೆ ಚಿಕಡಿಯನ್ನು ಹಿಡಿಯಬಲ್ಲದ್ದು ಸಣ್ಣದೇ. ನಟ್‌ಹ್ಯಾಚ್‌ಗೂ ಆ ಭಾಷೆ ತಿಳಿಯುತ್ತದೆ. ಬ್ಲೂ ಜೇ ಹಕ್ಕಿಯನ್ನು ಮಾತ್ರ ನಂಬಬೇಡಿ, ಅದು ಗಿಡುಗದ ಕೂಗನ್ನೇ ಅಣಕಿಸುತ್ತದೆ.

ಕಾಳುಕಡ್ಡಿ:
ನೋಡಿದ್ದನ್ನು ಬರೆದಿಡಿ ಹೊಸಕಣ್ಣು. ಫೆಬ್ರುವರಿಯಲ್ಲಿ ನಾಲ್ಕು ದಿನ 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್' ಅನ್ನುವ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ, 1998ರಿಂದ ಇದೆ. ಹದಿನೈದು ನಿಮಿಷ ಕೂತು ಎಣಿಸಿದರೂ ಸಾಕು, ಪ್ರಪಂಚದ ಯಾವ ಮೂಲೆಯಿಂದಲಾದರೂ ಸೇರಬಹುದು. ಫೀಡರ್ ಎಣಿಕೆಯ ಒಳ್ಳೆಯ ರೂಢಿ ಒಂದಿದೆ. ಒಂದೇ ಹಕ್ಕಿ ಹತ್ತು ಸಲ ಬರುತ್ತದಲ್ಲ, ಅದಕ್ಕೆ ಒಂದು ಜಾತಿಯಲ್ಲಿ ಒಮ್ಮೆಗೇ ಕಣ್ಣಿಗೆ ಬಿದ್ದ ಅತಿ ಹೆಚ್ಚಿನ ಸಂಖ್ಯೆಯನ್ನು ಮಾತ್ರ ಬರೆಯುವುದು.

ಕ್ರಿಸ್‌ಮಸ್ ಎಣಿಕೆ ಇನ್ನೂ ಹಳೆಯದು. ಆಗ ಹಬ್ಬದ ದಿನ ಗುಂಪು ಕಟ್ಟಿಕೊಂಡು ಸಿಕ್ಕಿದ್ದನ್ನೆಲ್ಲಾ ಗುಂಡು ಹೊಡೆಯುವ ಪಂದ್ಯ ಇತ್ತಂತೆ. 1900ರಲ್ಲಿ ಫ್ರಾಂಕ್ ಚಾಪ್‌ಮನ್ ಅನ್ನುವವರು ಕೊಲ್ಲುವ ಬದಲು ಎಣಿಸೋಣ ಅಂದರು. ಆ ಮೊದಲ ವರ್ಷ ಎಣಿಸಿದವರು 27 ಜನ. ಇವತ್ತಿಗೂ ನಿಂತಿಲ್ಲ.

ಕಿಟಕಿಯಂಚು:
ಬಂದೆ. ಮೂರು ವಾರ ಮುಗಿದು ನಿನ್ನೆ ರಾತ್ರಿ ಮನೆ ತಲುಪಿದೆ. ಈ ಮಾತುಕತೆ ಇಷ್ಟು ಬೆಳೆದಿದೆ ಅಂತ ಗೊತ್ತಿರಲಿಲ್ಲ, ಆಮೇಲೆ ಬಂದದ್ದನ್ನೆಲ್ಲಾ ಪ್ರಯಾಣದಲ್ಲೇ ಓದಿದೆ.

ಹೋಗುವ ಮುಂಚೆ ಫೀಡರ್ ಇಳಿಸಿ ತೊಳೆದು ಒಳಗಿಟ್ಟಿದ್ದೆ. ಎರಡುಮಾತು ಅವರ ಬರಹ ಓದಿದ ಮೇಲೆ ಹಳೆ ಕಾಳು ಒದ್ದೆಯಾಗಿ ನೇತಾಡುವುದು ಬೇಡ ಅನ್ನಿಸಿತು. ಇವತ್ತು ಬೆಳಕು ಹರಿಯುವ ಮುಂಚೆ ಎದ್ದೆ. ಹಿತ್ತಲಲ್ಲಿ ಮೊಣಕಾಲಿನವರೆಗೆ ಹಿಮ. ಸಣ್ಣಗೆ ಇನ್ನೂ ಬೀಳುತ್ತಿತ್ತು. ಕೋಲಿಗೆ ಫೀಡರ್ ಸಿಕ್ಕಿಸಿ, ಒಂದು ಕಡೆ ಹಿಮ ತುಳಿದು ಗಟ್ಟಿ ಮಾಡಿ ಬರಗು ಚೆಲ್ಲಿ ಒಳಗೆ ಬಂದೆ. ಯಾರೂ ಇಲ್ಲ. ಅರ್ಧ ಗಂಟೆ ಯಾರೂ ಇಲ್ಲ. ನೀವೆಲ್ಲಾ ಹೇಳಿದ್ದು ತಲೆಗೆ ಗೊತ್ತಿತ್ತು, ಆದರೂ ಎದೆ ಭಾರವಾಯಿತು.

ಆಗ ಪೈನ್ ಮರದ ಕೆಳಗೆ ಕಣ್ಣು ಹೋಯಿತು. ಕೊಂಬೆಯ ಮರೆಯಲ್ಲಿ ಹಿಮ ತೆಳ್ಳಗಿದ್ದ ಕಡೆ ಹೆಜ್ಜೆ ಗುರುತೇ ಗುರುತು. ಎರಡೆರಡು ಜೋಡಿಯಾಗಿ ಕುಪ್ಪಳಿಸಿದ್ದು ಜಂಕೊ ಇರಬೇಕು. ಒಂದರ ಮುಂದೆ ಒಂದು ನಡೆದ ಗುರುತು ಪಾರಿವಾಳದ್ದು. ನಡುವೆ ದಾರದಂತೆ ಗೆರೆ ಎಳೆದುಕೊಂಡು ಹೋದದ್ದು ಇಲಿಯ ಬಾಲ, ಸ್ವಲ್ಪ ದೂರ ಹೋಗಿ ಸಣ್ಣ ತೂತಿನಲ್ಲಿ ಹಿಮದ ಒಳಗೇ ಇಳಿದುಬಿಟ್ಟಿತ್ತು. ನಾನಿಲ್ಲದಾಗ ಅಲ್ಲಿ ದಿನಾ ಸಂತೆ ನಡೆದಿತ್ತು.

ಏಳು ಗಂಟೆ ನಲವತ್ತು ನಿಮಿಷಕ್ಕೆ ಮೊದಲ 'ಡಿ' ಕೇಳಿತು. ಒಂದು ಚಿಕಡಿ ಫೀಡರ್ ಮೇಲೆ ಕೂತು, ಬೀಜ ತೆಗೆದುಕೊಳ್ಳದೆ ಹಾರಿತು. ಎರಡು ನಿಮಿಷಕ್ಕೆ ನಾಲ್ಕು ಬಂದವು. ಎಂಟೂವರೆಗೆ ಒಮ್ಮೆಗೇ ಕಂಡ ಲೆಕ್ಕ: ಚಿಕಡಿ 6, ಜಂಕೊ 11, ಕಾರ್ಡಿನಲ್ 2, ನಟ್‌ಹ್ಯಾಚ್ 1, ಡೌನಿ ಮರಕುಟಿಗ 1, ಅದು ಹೆಣ್ಣು.

ಬಾಲದ ಗರಿ ವಾರೆಯಾದದ್ದು ಇನ್ನೂ ಕಂಡಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಕೂರುತ್ತೇನೆ.

ಹೊಸಕಣ್ಣು:
ಗರಿ ಉದುರಿ ಹೋಗಿದ್ದರೆ ನಿಮಗೆ ಗುರುತೇ ಸಿಗುವುದಿಲ್ಲವಲ್ಲ! ಆ ಆರರಲ್ಲೇ ಅದೂ ಇರಬಹುದು.

ಕಿಟಕಿಯಂಚು:
ಅದನ್ನು ಯೋಚಿಸಿರಲಿಲ್ಲ ನೋಡಿ. ಈಗಲೇ ಕಿಟಕಿಗೆ ಹೋದೆ.